ಮಗಳ ಗಂಟಲಿಗೆ ನನ್ನ ಅಳತೆಗೋಲು

ನೋವಿನ ಬಗ್ಗೆ ಯಾರು ಏನು ಹೇಳಿದರೂ ನಾನು ಪೂರ್ತಿ ನಂಬುವವನಲ್ಲ. ಇದು ಕಲ್ಲೆದೆಯಿಂದ ಬಂದದ್ದಲ್ಲ, ಓದಿನಿಂದ ಅಂಟಿಕೊಂಡ ಕಾಯಿಲೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ ಮೇಲೆ, ಎದುರಿಗೆ ಕೂತವನು ತಲೆ ಸಿಡಿಯುತ್ತಿದೆ ಎಂದರೆ ನನ್ನ ಬಾಯಲ್ಲಿ ಅಯ್ಯೋ ಪಾಪ ಎಂಬ ಮಾತು ಬರುವುದೇ ನಿಂತುಹೋಯಿತು. ಅದರ ಬದಲು ನಿನ್ನೆಗಿಂತ ಎಷ್ಟು ಹೆಚ್ಚು, ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀರಿ, ಇದಕ್ಕೂ ಮೊದಲು ಸಿಡಿದದ್ದು ಚೆನ್ನಾಗಿ ನೆನಪಿದೆಯೆ ಎಂಬ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಅವನ್ನೆಲ್ಲ ಕೇಳಿ ಮುಗಿಸುವಷ್ಟರಲ್ಲಿ ತಲೆನೋವಿನವನು ಎದ್ದು ಹೋಗಿರುತ್ತಾನೆ. ಹೀಗಾಗಿ ನನಗೆ ಸ್ನೇಹಿತರು ಕಡಿಮೆ. ಇದ್ದವರೂ ಆರೋಗ್ಯವಾಗಿದ್ದಾಗ ಮಾತ್ರ ನಮ್ಮ ಮನೆಗೆ ಬರುತ್ತಾರೆ. ಪಕ್ಷಪಾತ ಮಾಡಬಾರದೆಂದು ನನ್ನ ನೋವನ್ನೂ ನಾನು ನಂಬುವುದಿಲ್ಲ. ಸೊಂಟ ಹಿಡಿದುಕೊಂಡು ಎದ್ದ ಬೆಳಿಗ್ಗೆ, ಇದು ಸೊಂಟದ ನೋವೋ ಕೆಲಸಕ್ಕೆ ಹೋಗಬೇಕಲ್ಲ ಎಂಬ ನೋವೋ ಎಂದು ಯೋಚಿಸುತ್ತ ಹಲ್ಲುಜ್ಜುತ್ತೇನೆ. ತೀರ್ಮಾನಕ್ಕೆ ಬರುವ ಮೊದಲೇ ಲೋಕಲ್ ಗಾಡಿಯ ಹೊತ್ತಾಗುತ್ತದೆ. ಗಾಡಿಯೊಳಗೆ ಹೊಕ್ಕ ಮೇಲೆ ಸೊಂಟ ಯಾರದು ಎಂಬುದೇ ತಿಳಿಯುವುದಿಲ್ಲ.

ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದ ಕಥೆ. ಯಾವ ವರ್ಷ ಎಂದು ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನ ಯೋಗ್ಯತೆ ಏನೆಂದು ಮುಂದೆ ನಿಮಗೇ ಗೊತ್ತಾಗಲಿದೆ. ಆಗ ನಾವು ಡೊಂಬಿವಲಿ ಪೂರ್ವದಲ್ಲಿ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೆವು. ನಾನು, ಹೆಂಡತಿ ವಾರಿಜ, ಎರಡನೆಯ ತರಗತಿಯ ಮಗಳು ಸುಮಾ. ಮೂಲದಲ್ಲಿ ನಾವು ಕುಂದಾಪುರದ ಕಡೆಯವರು. ನನಗೆ ಕೆಲಸ ರಬಾಳೆಯ ಒಂದು ರಬ್ಬರ್ ಕಾರ್ಖಾನೆಯಲ್ಲಿ. ಠಾಣೆಯವರೆಗೆ ಲೋಕಲ್, ಅಲ್ಲಿಂದ ಬಸ್ಸು. ನಲ್ಲಿಗೆ, ಪಂಪಿಗೆ ಹಾಕುವ ಉಂಗುರದಂಥ ವಾಷರುಗಳನ್ನು ಅಲ್ಲಿ ಮಾಡುತ್ತಿದ್ದರು. ರಾಶಿಯಿಂದ ಒಂದಷ್ಟು ಎತ್ತಿ, ದಪ್ಪ ಎಷ್ಟು, ತೂತು ಎಷ್ಟು ಎಂದು ಅಳೆದು, ಇಡೀ ರಾಶಿಯ ಹಣೆಬರಹವನ್ನು ನಿರ್ಧರಿಸುವುದು ನನ್ನ ಉದ್ಯೋಗ. ವಾಷರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವು ತಮ್ಮ ಬಗ್ಗೆ ಏನೂ ಹೇಳಿಕೊಳ್ಳುವುದಿಲ್ಲ. ಅಳೆದರೆ ಅಳೆಯಿಸಿಕೊಳ್ಳುತ್ತವೆ. ಅಷ್ಟು ಸಭ್ಯವಾದ ವಸ್ತುಗಳ ಜೊತೆ ದಿನವೆಲ್ಲ ಕಳೆದು ಮನೆಗೆ ಬಂದರೆ, ಅಲ್ಲಿ ಮಾತನಾಡುವ ಗಂಟಲೊಂದು ಕಾಯುತ್ತಿತ್ತು.

ಸುಮಾಳಿಗೆ ಆ ವರ್ಷ ಮೇಲಿಂದ ಮೇಲೆ ಗಂಟಲು ನೋವು, ಜ್ವರ. ನಮ್ಮ ಬೀದಿಯ ಡಾಕ್ಟರು ಗುಲಾಬಿ ಬಣ್ಣದ ಔಷಧಿ ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ಠಾಣೆಯ ಗಂಟಲು ತಜ್ಞರೊಬ್ಬರ ಹೆಸರು ಬರೆದುಕೊಟ್ಟರು. ಡಾಕ್ಟರ್ ಪಾಟೀಲ ಎಂದು. ಹುಟ್ಟಿದ್ದು ವಿಜಾಪುರದಲ್ಲಿ, ದವಾಖಾನೆ ಠಾಣೆಯಲ್ಲಿ, ಮನೆ ಅದರ ಮೇಲಿನ ಮಹಡಿಯಲ್ಲಿ. ಕನ್ನಡದ ರೋಗಿಗಳು ಸಿಕ್ಕರೆ ಅವರಿಗೆ ಬಹಳ ಖುಷಿ. ರೋಗವನ್ನು ಕೇಳುವ ಮೊದಲು ಊರು ಕೇಳುತ್ತಿದ್ದರು. ಸುಮಾಳ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಟಾನ್ಸಿಲ್ ದೊಡ್ಡದಾಗಿವೆ, ತೆಗೆಯಬೇಕೋ ಬಿಡಬೇಕೋ ಎಂಬುದು ಒಂದೇ ಸಲ ನೋಡಿ ಹೇಳುವ ಮಾತಲ್ಲ ಎಂದರು. ವರ್ಷದಲ್ಲಿ ಎಷ್ಟು ಸಲ ನೋಯುತ್ತದೆ, ಎಷ್ಟು ಜೋರಾಗಿ ನೋಯುತ್ತದೆ ಎಂಬುದರ ಮೇಲೆ ಅದು ನಿಂತಿದೆಯಂತೆ. ಸುಮ್ಮನೆ ಕತ್ತರಿ ಹಾಕುವುದು ತಪ್ಪು. ಹಾಕಬೇಕಾದಲ್ಲಿ ಹಾಕದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ಗಂಟಲಿನ ಸೋಂಕು ಕೀಲುಗಳಿಗೆ, ಹೃದಯಕ್ಕೆ ಇಳಿದುಬಿಡಬಹುದು. ಹೃದಯ ಎಂಬ ಮಾತನ್ನು ಅವರು ಮೆಲ್ಲಗೆ, ಮೇಜಿನ ಮೇಲಿನ ಪೆನ್ನು ಸರಿಪಡಿಸುತ್ತ ಹೇಳಿದರು. ವಾರಿಜ ಸುಮಾಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎಷ್ಟು ಸಲ ಎಂಬ ಪ್ರಶ್ನೆಗೆ ನಾವಿಬ್ಬರೂ ಒಟ್ಟಿಗೆ ಉತ್ತರಿಸಿದೆವು. ವರ್ಷವಿಡೀ ಎಂದು ವಾರಿಜ, ಒಂದೆರಡು ಸಲ ಎಂದು ನಾನು. ಡಾಕ್ಟರು ಒಬ್ಬರ ಮುಖವನ್ನು ಇನ್ನೊಬ್ಬರ ಮುಖದ ಜೊತೆ ಹೋಲಿಸಿ ನೋಡಿದರು. ವಾತಾವರಣ ತಿಳಿಯಾಗಲಿ ಎಂದು, ಆಪರೇಷನ್ ಆದರೂ ಭಯವೇನಿಲ್ಲ, ನನ್ನದನ್ನೂ ಇಷ್ಟೇ ವಯಸ್ಸಿನಲ್ಲಿ ತೆಗೆಸಿದ್ದರು ಎಂದೆ. ಮಾತು ಶುರುವಾದ ಮೇಲೆ ನನಗೆ ನಿಲ್ಲಿಸಲು ಬರುವುದಿಲ್ಲ. ಮಣಿಪಾಲದ ಆಸ್ಪತ್ರೆ, ಉಗುಳಲು ಇಟ್ಟ ಬಿಳಿ ಬಸಿ, ಮೂಗಿಗೆ ಬಡಿದ ಸ್ಪಿರಿಟ್ ವಾಸನೆ, ಉಗುಳು ನುಂಗುವಾಗ ಮುಳ್ಳು ಇಳಿದಂತಾದದ್ದು, ಆಮೇಲೆ ಕೊಟ್ಟ ಐಸ್‌ಕ್ರೀಮು, ಎಲ್ಲವನ್ನೂ ವರ್ಣಿಸಿದೆ. ಸುಮಾ ಬಾಯಿ ಬಿಟ್ಟು ಕೇಳುತ್ತಿದ್ದಳು. ಡಾಕ್ಟರು ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಸ್ವಲ್ಪ ಬಾಯಿ ತಗೀರಿ ನೋಡೋಣು" ಎಂದರು.

ತೆಗೆದೆ. ಟಾರ್ಚು ಬಿಟ್ಟರು. ಚಮಚದಂಥದ್ದೊಂದರಿಂದ ನಾಲಗೆ ಒತ್ತಿದರು.

"ಎರಡೂ ಅದಾವಲ್ರೀ" ಎಂದರು. "ತಗದೋರು ಮತ್ತ ಹಚ್ಚಿ ಕಳಿಸ್ಯಾರೇನು?"

ಇಂಥ ಸಂದರ್ಭದಲ್ಲಿ ಮನುಷ್ಯ ಏನು ಹೇಳಬೇಕು ಎಂದು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ನಾನು ಬಾಯಿ ಮುಚ್ಚಿದೆ. ಡಾಕ್ಟರು ದೊಡ್ಡ ಮನುಷ್ಯ, ನಗಲಿಲ್ಲ. ಆದರೆ ಆ ಕ್ಷಣದಿಂದ ನನ್ನ ಸಾಕ್ಷ್ಯ ಬಿದ್ದುಹೋಯಿತು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಅವರು ಸುಮಾಳ ಕಡೆ ತಿರುಗಿ ನಮಗೆ ಹೇಳಿದರು: "ಜ್ವರ ನಾ ಅಳೀತೀನಿ. ಟಾನ್ಸಿಲ್ ಎಷ್ಟ ಬಾತಾವ ಅಂತ ಕಣ್ಣಿಲೆ ನೋಡ್ತೀನಿ. ಆದ್ರ ನೋವು ಎಷ್ಟದ ಅನ್ನೋದು ಈಕಿ ಒಬ್ಬಾಕಿಗೇ ಗೊತ್ತು. ತಾಯಿ ಹೇಳಿದ್ರ ಒಂದಕ್ಕ ನಾಕಾಗ್ತದ, ತಂದಿ ಹೇಳಿದ್ರ ನಾಕಕ್ಕ ಒಂದಾಗ್ತದ. ಮಳಿಗಾಲ ಮುಗಿಯೂತನಾ ಈಕಿನ್ನೇ ಕೇಳ್ರಿ. ಈಕಿ ಏನಂತಾಳ ಅದನ್ನ ಬಂದು ಹೇಳ್ರಿ, ಆಮ್ಯಾಲೆ ಕೊಯ್ಯೋದೋ ಬಿಡೋದೋ ನೋಡೋಣು."

ವಾಪಸ್ಸು ಬರುವಾಗ ವಾರಿಜ ಕಿಟಕಿಯ ಬಳಿ ಕೂತಳು. ಗಾಡಿ ಪಾರ್ಸಿಕ್ ಸುರಂಗದೊಳಗೆ ಹೋದಾಗ ಕತ್ತಲಲ್ಲಿ ಯಾರೋ ನಕ್ಕ ಹಾಗಾಯಿತು. ಬೆಳಕಿಗೆ ಬಂದಾಗ ಅವಳು ಗಂಭೀರವಾಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಡೊಂಬಿವಲಿಯಲ್ಲಿ ಇಳಿದವನೇ ಸ್ಟೇಷನ್ನಿನ ಹೊರಗಿನ ಎಸ್‌ಟಿಡಿ ಬೂತಿಗೆ ಹೊಕ್ಕು ಊರಿಗೆ, ಅಮ್ಮನಿಗೆ ಫೋನು ಮಾಡಿದೆ. ಮಳೆಗೆ ಲೈನು ಗೊರಗೊರ ಎನ್ನುತ್ತಿತ್ತು. ನನಗೆ ಟಾನ್ಸಿಲ್ ತೆಗೆಸಿದ್ದು ಯಾವಾಗ ಎಂದು ಕಿರುಚಿ ಕೇಳಿದೆ. "ನಿಂಗಲ್ಲ ಮಾರಾಯ, ನಿನ್ನ ಅಣ್ಣಂಗೆ ತೆಗ್ಸದ್ದ್" ಎಂದರು ಅಮ್ಮ. "ನೀನ್ ಅವ್ನ ಐಸ್‌ಕ್ರೀಮ್ ತಿಂದದ್ದ್ ಮಾತ್ರ ಹೌದ್. ಮತ್ತೆ ಆಪರೇಷನ್ ಅವಂಗೆ, ಕೂಗದ್ದೆಲ್ಲ ನೀನ್." ಹಾಗಾದರೆ ಗಂಟಲಲ್ಲಿ ಇಳಿದ ಆ ಮುಳ್ಳು ಯಾರದು? ಮೂವತ್ತು ವರ್ಷ ನಾನು ಜೋಪಾನವಾಗಿ ಕಾಪಾಡಿಕೊಂಡು ಬಂದ ನೋವು, ಸಮಯ ಬಂದಾಗಲೆಲ್ಲ ನಾಲ್ಕು ಜನರಿಗೆ ತೋರಿಸಿದ ನೋವು, ಅಣ್ಣನದಾಗಿತ್ತು. ಅಣ್ಣನಿಗೆ ಅದು ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಆದರೂ ಡಾಕ್ಟರ ಮಾತಿನಿಂದ ನನಗೊಳಗೇ ಒಂದು ಉತ್ಸಾಹ ಹುಟ್ಟಿತ್ತು. ತಾಯಿಯ ಮಾತು ಬೇಡ, ತಂದೆಯ ಮಾತು ಬೇಡ, ಮಗುವಿನ ಬಾಯಿಂದಲೇ ಬರಬೇಕು, ಅದಕ್ಕೊಂದು ಅಳತೆ ಬೇಕು. ಇಡೀ ಡೊಂಬಿವಲಿಯಲ್ಲಿ ಈ ಕೆಲಸಕ್ಕೆ ನನಗಿಂತ ತಯಾರಾದವನು ಯಾರಿದ್ದಾನೆ? ಮಾರನೆಯ ಬೆಳಿಗ್ಗೆಯೇ ಸುಮಾಳನ್ನು ಎದುರಿಗೆ ಕೂರಿಸಿಕೊಂಡು, ಗಂಟಲಿನ ನೋವಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀಯ ಎಂದು ಕೇಳಿದೆ. ಅವಳು ಯೋಚಿಸಿ, ಕ್ಲಾಸಿನ ಮೈಥಿಲಿಗೆ ಎಷ್ಟು ಸಿಕ್ಕಿದೆ ಎಂದು ವಿಚಾರಿಸಿದಳು. ಮೈಥಿಲಿಗೆ ಗಂಟಲು ನೋವಿಲ್ಲ ಎಂದೆ. ಹಾಗಾದರೆ ತನಗೆ ಹತ್ತಕ್ಕೆ ಹತ್ತು ಎಂದು ಮರಾಠಿಯಲ್ಲಿ ಘೋಷಿಸಿ ಎದ್ದು ಹೋದಳು. ಮಾರ್ಕು ಎಂದರೆ ಹೆಚ್ಚು ಬಂದಷ್ಟೂ ಒಳ್ಳೆಯದು ಎಂದು ನಾವೇ ಕಲಿಸಿದ್ದೆವಲ್ಲ. ನೋವಿನಲ್ಲಿ ಕಡಿಮೆ ಬಂದರೆ ಒಳ್ಳೆಯದು ಎಂದು ತಿಳಿಸಿ ಹೇಳಿದ್ದಕ್ಕೆ ಸಂಜೆ ಸೊನ್ನೆ ಕೊಟ್ಟಳು. ಮೈಯಲ್ಲಿ ಜ್ವರ ಸುಡುತ್ತಿತ್ತು.

ಆಮೇಲೆ ಐದು ಮುಖಗಳನ್ನು ಬರೆದೆ. ನಗುವುದು, ಸ್ವಲ್ಪ ನಗುವುದು, ಸುಮ್ಮನಿರುವುದು, ಸಪ್ಪಗಿರುವುದು, ಅಳುವುದು. ಯಾವುದು ನಿನ್ನ ಗಂಟಲು ಎಂದು ಕೇಳಿದರೆ ಅವಳು ದಿನವೂ ಅಳುವ ಮುಖವನ್ನೇ ತೋರಿಸಿದಳು. ನಾನು ಗಾಬರಿಯಾದೆ. ಹೊಸ ಡಬ್ಬಿ ಬಿಸ್ಕತ್ತು ತಂದ ದಿನ, ಕುಣಿಯುತ್ತಲೇ ಅದೇ ಮುಖವನ್ನು ತೋರಿಸಿದಾಗ ಅನುಮಾನ ಬಂದು ಕಾರಣ ಕೇಳಿದೆ. "ಇಸ್ಕೋ ಕೋಯಿ ನಹೀ ಲೇತಾ ನಾ ಪಪ್ಪಾ, ಬೇಚಾರಾ" ಎಂದಳು. ಪಾಪ, ಅಳುವ ಮುಖವನ್ನು ಯಾರೂ ಆರಿಸುವುದಿಲ್ಲವೆಂದು ಅವಳೇ ಆರಿಸುತ್ತಿದ್ದಳು. ಮಗಳು ನನ್ನ ಹಾಗಾಗಲಿಲ್ಲ ಎಂಬ ಸಂತೋಷ ಒಂದು ಕಡೆ, ಅಳತೆ ಕೆಟ್ಟಿತಲ್ಲ ಎಂಬ ದುಃಖ ಇನ್ನೊಂದು ಕಡೆ. ಮೂರನೆಯ ಪ್ರಯತ್ನವಾಗಿ ಕಾರ್ಖಾನೆಯಿಂದ ಬೇರೆ ಬೇರೆ ತೂತಿನ ವಾಷರುಗಳನ್ನು ತಂದೆ. ಗಂಟಲು ಯಾವ ತೂತಿನಷ್ಟು ಬಿಗಿಯಾಗಿದೆ, ಆರಿಸು ಎಂದೆ. ಉಪಾಯ ಎಷ್ಟು ಚೆನ್ನಾಗಿತ್ತೆಂದರೆ, ಇದನ್ನು ಯಾವುದಾದರೂ ಪತ್ರಿಕೆಗೆ ಬರೆದು ಕಳಿಸಬೇಕೆಂದು ಬಸ್ಸಿನಲ್ಲೇ ತಲೆಬರಹ ಯೋಚಿಸಿದ್ದೆ. ಆ ವಾರ ಮುಗಿಯುವುದರೊಳಗೆ ವಾಷರುಗಳೆಲ್ಲ ದಾರಕ್ಕೆ ಪೋಣಿಸಿಕೊಂಡು ಅವಳ ಗೊಂಬೆಯ ಕೊರಳಲ್ಲಿದ್ದವು.

ಅಷ್ಟರಲ್ಲಿ ಮಳೆ ಹಿಡಿದಿತ್ತು. ಡೊಂಬಿವಲಿಯ ಮಳೆಗೆ ನೋಡುವಂಥ ಚೆಲುವೇನೂ ಇಲ್ಲ. ಮನೆಯೊಳಗೆ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಒಣಗದ ಬಟ್ಟೆ, ಅದರ ಕೆಳಗೆ ತಲೆ ತಗ್ಗಿಸಿಕೊಂಡು ಓಡಾಡುವ ನಾವು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಕೊಳೆತ ಮೊಟ್ಟೆಯಂಥ ವಾಸನೆ. ಆ ದಿನ ಕಟ್ಟಡದ ಎಲ್ಲರ ಗಂಟಲೂ ಕೆರೆಯುತ್ತಿತ್ತು. ಕರೆಂಟು ಹೋದರೆ ನಲ್ಲಿಯಲ್ಲಿ ನೀರಿಲ್ಲ, ಹೊರಗೆ ಮಾತ್ರ ಮೊಣಕಾಲುದ್ದ ನೀರು. ಗಾಡಿಗಳು ಮುಂಬ್ರಾದಲ್ಲೋ ದಿವಾದಲ್ಲೋ ನಿಂತರೆ ನಿಂತೇ ಇರುತ್ತಿದ್ದವು. ಹಾಗೆ ನಿಂತ ಗಾಡಿಯಲ್ಲಿ ಪರರ ಬೆನ್ನಿಗೆ ಮುಖ ಒತ್ತಿಕೊಂಡು ನಾನು ಡಾಕ್ಟರು ಪೆನ್ನು ಸರಿಪಡಿಸುತ್ತ ಹೇಳಿದ ಆ ಮಾತನ್ನು ನೆನೆಯುತ್ತಿದ್ದೆ. ಗಂಟಲಿನಿಂದ ಹೃದಯಕ್ಕೆ ಎಷ್ಟು ದೂರ? ಏಳೆಂಟು ವರ್ಷದ ಮಗುವಿನಲ್ಲಿ ಒಂದು ಗೇಣು ಇರಬಹುದು. ಅಳೆದು ನೋಡಲು ಕೈ ಬರಲಿಲ್ಲ.

ಅಳತೆ ಕೊನೆಗೆ ಸಿಕ್ಕಿದ್ದು ನನ್ನ ಬುದ್ಧಿಯಿಂದಲ್ಲ, ಸುಮಾಳ ಬಾಯಿಂದಲೇ. ವಾರಿಜಳ ಅಕ್ಕನ ಮನೆ ಠಾಣೆಗಿಂತ ಒಂದು ಸ್ಟೇಷನ್ ಮೊದಲು, ಕಳವಾ ಎಂಬಲ್ಲಿ. ಪ್ರತಿ ಶನಿವಾರ ತಾಯಿ ಮಗಳು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಹಿಡಿದು ಅಲ್ಲಿಗೆ ಹೋಗಿಬರುತ್ತಿದ್ದರು. ಅಂಥದೊಂದು ಶನಿವಾರ ಮೆಟ್ಟಿಲು ಹತ್ತುತ್ತಿದ್ದವಳನ್ನು, ಗಂಟಲು ಹೇಗಿದೆ ಎಂದು ಕೇಳಿದೆ. ಅವಳು ಏದುಸಿರು ಬಿಡುತ್ತ "ಫೋರ್ತ್ ಸೀಟ್" ಎಂದಳು.

ಈ ಕಡೆ ಇರದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೋಕಲ್ ಗಾಡಿಯ ಬೆಂಚು ಮೂರು ಜನರಿಗೆಂದು ಮಾಡಿದ್ದು. ಮೂವರು ಕೂತ ಮೇಲೆ ನಾಲ್ಕನೆಯವನೊಬ್ಬ ಬಂದು, ಮಾತಾಡದೆ ಕೈಯಲ್ಲೇ ಸರಿಯಿರಿ ಎಂದು ಸನ್ನೆ ಮಾಡುತ್ತಾನೆ. ಮೂವರೂ ನಿಟ್ಟುಸಿರು ಬಿಟ್ಟು ಒಂದೊಂದು ಇಂಚು ಸರಿಯುತ್ತಾರೆ. ಅವನು ಅರ್ಧ ದೇಹವನ್ನು ಬೆಂಚಿನ ಮೇಲೂ ಅರ್ಧವನ್ನು ಗಾಳಿಯಲ್ಲೂ ಇಟ್ಟು ಕೂರುತ್ತಾನೆ. ಅದೇ ಫೋರ್ತ್ ಸೀಟು. ಕಾನೂನಿನಲ್ಲಿ ಇಲ್ಲ, ಆದರೆ ಯಾರೂ ಇಲ್ಲ ಎನ್ನುವಂತಿಲ್ಲ. ಠಾಣೆಯಿಂದ ಡೊಂಬಿವಲಿಗೆ ಫೋರ್ತ್ ಸೀಟು ಸಿಕ್ಕ ದಿನ ನಾನು ಮನೆಗೆ ಬಂದು ಹೇಳಿಕೊಳ್ಳುತ್ತಿದ್ದೆ. ನಿಂತೇ ಬರುವವನಿಗೆ ಅದು ಸಿಂಹಾಸನ.

ನನಗಾದ ಸಂಭ್ರಮ ಅಷ್ಟಿಷ್ಟಲ್ಲ. ಮಗುವಿಗೆ ತಾನಾಗಿ ಗೊತ್ತಿರುವ, ವಾರವಾರವೂ ಮೈಯಿಂದ ಅನುಭವಿಸಿದ ಅಳತೆ! ಆ ಸಂಜೆಯೇ ಅವಳನ್ನು ಕೂರಿಸಿ ಅಳತೆಯ ಮೆಟ್ಟಿಲುಗಳನ್ನು ಗೊತ್ತುಮಾಡಿಕೊಂಡೆ. ಗಾಡಿಯಲ್ಲಿ ಯಾವುದು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು ಎಂದು ಕೇಳಿದೆ. ಕಿಟಕಿ ಎಂದಳು. ಆಮೇಲೆ? ಒಳಗಿನ ಸೀಟು. ಆಮೇಲೆ? ಫೋರ್ತ್ ಸೀಟು. ಆಮೇಲೆ ನಿಲ್ಲುವುದು, ಕೊನೆಗೆ ಬಾಗಿಲಲ್ಲಿ ನೇತಾಡುವುದು. ಅಂದರೆ ಫೋರ್ತ್ ಸೀಟು ಐದು ಮೆಟ್ಟಿಲಲ್ಲಿ ನಡುವಿನದು. ಡೊಂಬಿವಲಿಯ ಲೆಕ್ಕದಲ್ಲಿ ಅದೃಷ್ಟವಂತರದು. ಅಲ್ಲಿಂದ ಮುಂದೆ ದಿನವೂ ಬೆಳಿಗ್ಗೆ ನಾನು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತ, ಇವತ್ತು ಎಲ್ಲಿ ಕೂತಿದ್ದೀಯ ಎಂದು ಕೇಳುತ್ತಿದ್ದೆ. ಒಮ್ಮೊಮ್ಮೆ ಕಿಟಕಿ ಎನ್ನುತ್ತಿದ್ದಳು. ಬಹಳಷ್ಟು ದಿನ ಫೋರ್ತ್ ಸೀಟು. ನೇತಾಡುವುದು ಒಂದು ಸಲವೂ ಬರಲಿಲ್ಲ. ಈ ಉತ್ತರವನ್ನು ಕೇಳಿ ಸಮಾಧಾನದಿಂದ ಮೆಟ್ಟಿಲಿಳಿದು ನಾನು ನೇತಾಡಲು ಹೋಗುತ್ತಿದ್ದೆ.

ವಾರಿಜಳಿಗೆ ಈ ವ್ಯವಸ್ಥೆಯಲ್ಲಿ ನಂಬಿಕೆ ಇರಲಿಲ್ಲ. ಸುಮಾ ಟಿಫಿನ್ ಡಬ್ಬಿಯ ಚಪಾತಿಯನ್ನು ಹಾಗೇ ವಾಪಸ್ಸು ತರುತ್ತಾಳೆ, ಅನ್ನಕ್ಕೆ ಸಾರು ಹೆಚ್ಚು ಹಾಕಿಸಿಕೊಂಡು ಕುಡಿಯುತ್ತಾಳೆ ಎಂದು ಅವಳು ವರದಿ ಮಾಡಿದಳು. ಮಳೆಗಾಲದಲ್ಲಿ ಚಪಾತಿ ಯಾರಿಗೆ ಸೇರುತ್ತದೆ ಎಂದೆ. ಉಗುಳು ನುಂಗುವಾಗ ಕಣ್ಣು ಮುಚ್ಚುತ್ತಾಳೆ ಎಂದಳು. ನಾನೂ ಗಮನಿಸಿದೆ. ಮುಚ್ಚುತ್ತಿದ್ದಳು. ಆದರೆ ಮಕ್ಕಳು ಕಣ್ಣು ಮುಚ್ಚಲು ನೂರು ಕಾರಣ. ನಿದ್ದೆ ಇರಬಹುದು, ಧೂಳಿರಬಹುದು. ನೋಡುವವರು ತಮಗೆ ಬೇಕಾದದ್ದನ್ನೇ ನೋಡುತ್ತಾರೆ, ಅದಕ್ಕೇ ಡಾಕ್ಟರು ನಮ್ಮಿಬ್ಬರ ಮಾತು ಬೇಡ ಎಂದದ್ದು ಎಂದು ವಾರಿಜಳಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವಳು ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಮಗುಚಿ ಹಾಕುತ್ತ ಕೇಳಿಸಿಕೊಂಡಳು.

"ನಿಮ್ಮ ರಬ್ಬರು ಮಾತಾಡೂದಿಲ್ಲ, ಅದನ್ನು ಅಳೀತೀರಿ. ಇವಳು ಮಾತಾಡ್ತಾಳೆ, ಇವಳನ್ನೂ ಅಳೀತೀರಿ" ಎಂದಳು. "ಒಂದು ದಿನ ಕೇಳೂದು ಬಿಟ್ಟು ಹತ್ರ ಕೂತು ನೋಡಿ ಮಾರಾಯ್ರೆ."

ಹತ್ತಿರ ಕೂತು ನೋಡಲು ನನಗೆ ಹೊತ್ತೆಲ್ಲಿತ್ತು? ಬೆಳಿಗ್ಗೆ ಗಾಡಿ, ಸಂಜೆ ಗಾಡಿ. ಭಾನುವಾರ ನಾನು ಹತ್ತಿರ ಕೂತರೆ ಸುಮಾ, ಪಪ್ಪಾ ಈಗ ಏನೋ ಕೇಳುತ್ತಾರೆ ಎಂದು ಎಚ್ಚರವಾಗಿ ನೆಟ್ಟಗೆ ಕೂರುತ್ತಿದ್ದಳು.

ಗಣಪತಿ ಮುಳುಗಿದ ಮೇಲೆ ನಾವು ಮತ್ತೆ ಠಾಣೆಗೆ ಹೋದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ವರದಿಯನ್ನು ಜೋಡಿಸಿಕೊಳ್ಳುತ್ತಿದ್ದೆ. ಡಾಕ್ಟರ ಎದುರು ಕೂತು, ಹಿಂದಿನ ಸಲದ ಅವಮಾನವನ್ನು ತೊಳೆದುಕೊಳ್ಳುವಂತೆ, ಐದು ಮೆಟ್ಟಿಲುಗಳನ್ನು ವಿವರಿಸಿದೆ. ಇದು ಮಗುವೇ ಕೊಟ್ಟ ಅಳತೆ, ನಮ್ಮ ಮಾತು ಒಂದೂ ಸೇರಿಲ್ಲ, ಸಾಮಾನ್ಯವಾಗಿ ಫೋರ್ತ್ ಸೀಟು, ಅಂದರೆ ನೋವು ಇದೆ, ಆದರೆ ತಡೆಯುವಂಥದ್ದು, ಆಪರೇಷನ್ ಬೇಕಾಗಲಾರದು ಎಂದು ಮುಗಿಸಿದೆ. ಡಾಕ್ಟರು ತಲೆದೂಗಿದರು. ಅವರು ಮನೆಯಿಂದ ದವಾಖಾನೆಗೆ ಮೆಟ್ಟಿಲಿಳಿದು ಬರುವವರು. ಲೋಕಲ್ ಹತ್ತದೆ ಎಷ್ಟೋ ಕಾಲವಾಗಿತ್ತು. ಹಾಗಾಗಿಯೇ ಇರಬೇಕು, ನಾನು ಮಳೆಗಾಲವಿಡೀ ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರು ಕೇಳಿದರು.

"ಫೋರ್ತ್ ಸೀಟ್ ಅಂದ್ರ ಹ್ಯಾಂಗಿರ್ತದವಾ?"

ಸುಮಾ ನನ್ನ ಮುಖ ನೋಡಿದಳು. ಆಮೇಲೆ ಗೊಗ್ಗರು ದನಿಯಲ್ಲಿ, "ಆಧಾ ಬೈಠ್ನೇ ಕಾ. ಇಧರ್ ಲೋಹಾ ಲಗ್ತಾ ಹೈ" ಎಂದು ತೊಡೆ ಮುಟ್ಟಿ ತೋರಿಸಿದಳು. ಅರ್ಧ ಕೂರಬೇಕು, ಬೆಂಚಿನ ಅಂಚಿನ ಕಬ್ಬಿಣ ಒತ್ತುತ್ತದೆ.

"ನೋಯ್ತದ?"

"ಬಹುತ್."

"ಮತ್ತ ನಿಂತಿರೋದು?"

ನಿಂತರೆ ಅಮ್ಮನ ಸೆರಗು ಹಿಡಿದುಕೊಳ್ಳಬಹುದು, ಅದು ಅಷ್ಟು ನೋಯುವುದಿಲ್ಲ ಎಂದಳು. ಹಾಗಾದರೆ ಫೋರ್ತ್ ಸೀಟಿನಲ್ಲಿ ನೋಯುತ್ತದೆ ಅಂತ ಯಾರಿಗೂ ಯಾಕೆ ಹೇಳುವುದಿಲ್ಲ ಎಂದು ಡಾಕ್ಟರು ಕೇಳಿದರು. ಇಷ್ಟು ದೊಡ್ಡವರಿಗೆ ಇದೂ ಗೊತ್ತಿಲ್ಲವೆ ಎಂಬಂತೆ ಸುಮಾ ಅವರನ್ನು ನೋಡಿದಳು.

"ಬೋಲ್ನೇ ಕಾ ನಹೀ ನಾ" ಎಂದಳು. "ಆಂಟೀ ಲೋಗ್ ಸರ್ಕೇ ನಾ ಅಪ್ನೇ ಲಿಯೇ. ದುಖ್ತಾ ಬೋಲಾ ತೋ ಬೋಲ್ತೇ, ಫಿರ್ ಉಠ್ ಜಾ."

ನಮಗೋಸ್ಕರ ಅವರು ಸರಿದು ಜಾಗ ಕೊಟ್ಟಿದ್ದಾರೆ. ನೋಯುತ್ತದೆ ಎಂದರೆ ಹಾಗಾದರೆ ಎದ್ದೇಳು ಎನ್ನುತ್ತಾರೆ. ಆದ್ದರಿಂದ ಹೇಳಬಾರದು. ಗದ್ದಲದ ಬೋಗಿಯಲ್ಲಿ ಮಗುವನ್ನು ಬೆಂಚಿನ ಅಂಚಿಗೆ ಕೂರಿಸಿ, ಕೂತದ್ದಲ್ವಾ, ಸುಮ್ಮನಿರು ಎಂದು ಕಲಿಸಿದ್ದು ತಾನೇ ಎಂದು ವಾರಿಜ ಆಮೇಲೆ ಅತ್ತಳು. ಕಲಿಸಬೇಕಾದದ್ದೇ ಅದು. ಡೊಂಬಿವಲಿಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಶಿಷ್ಟಾಚಾರ. ನಾನು ಕೇಳಿದ್ದು ಯಾವುದು ಸಿಕ್ಕರೆ ಒಳ್ಳೆಯದು ಎಂದು. ಯಾವುದು ಹೆಚ್ಚು ನೋಯುತ್ತದೆ ಎಂದಲ್ಲ. ಅವಳು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಳು. ಅದರ ಮೇಲೆ ದಿನವೂ ನನಗೆ ಹೇಳುತ್ತಿದ್ದಳು, ಬಹಳ ನೋಯುತ್ತಿದೆ ಮತ್ತು ಇದನ್ನು ಹೇಳಬಾರದು ಎಂದು, ಎರಡನ್ನೂ ಒಂದೇ ಮಾತಿನಲ್ಲಿ. ನಾನು ಶೂ ಹಾಕಿಕೊಳ್ಳುತ್ತ ಕೇಳಿ, ಬಿಡು, ಜಾಗ ಸಿಕ್ಕಿದೆಯಲ್ಲ ಎಂದುಕೊಂಡು ಹೋಗುತ್ತಿದ್ದೆ.

ಡಾಕ್ಟರು ಬಹಳ ಹೊತ್ತು ಅವಳ ಬಾಯೊಳಗೆ ನೋಡಿದರು. ಎಡಗಡೆ ಕೀವು ಕಟ್ಟಿದೆ ಎಂದರು. ಆಮೇಲೆ ಎದೆಗೆ ಸ್ಟೆಥಾಸ್ಕೋಪು ಇಟ್ಟು ಕೇಳಿದರು. ಹಿಂದಿನ ಸಲಕ್ಕಿಂತ ಹೆಚ್ಚು ಹೊತ್ತು ಕೇಳಿದರು ಎಂದು ನನಗನ್ನಿಸಿತು. ನನಗನ್ನಿಸಿದ್ದಕ್ಕೆ ಎಷ್ಟು ಬೆಲೆ ಎಂದು ನಿಮಗೆ ಗೊತ್ತೇ ಇದೆ. ಆ ಹೊತ್ತಿನಲ್ಲಿ ನಾನು ಯಾವ ದೇವರನ್ನೂ ನೆನೆಯಲಿಲ್ಲ, ಅಭ್ಯಾಸವಿಲ್ಲ. ಗೋಡೆಯ ಮೇಲಿನ ಗಂಟಲಿನ ಚಿತ್ರವನ್ನೇ ನೋಡುತ್ತಿದ್ದೆ. "ಎದಿ ಸ್ವಚ್ಛದ ಸದ್ಯಕ್ಕ" ಎಂದರು ಡಾಕ್ಟರು. "ಆದ್ರ ಇಷ್ಟ ದಿನ ಈ ಕೂಸು ಹ್ಯಾಂಗ ನುಂಗ್ಯಾಳೋ ಏನೋ. ಔಷಧ ಕೊಟ್ಟು ಮೊದಲ ಕೀವು ಆರಿಸೋಣು. ದಸರಾ ಆದ ಮ್ಯಾಲೆ ತಗದುಬಿಡೋಣು." ನಾನು ಅಳತೆಯ ಬಗ್ಗೆ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಮತ್ತೆ ಟಾರ್ಚು ಬಿಟ್ಟಾರೆಂದು ಮುಚ್ಚಿಕೊಂಡೆ.

ಆಪರೇಷನ್ ಠಾಣೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಿತು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗಿ, ಮಧ್ಯಾಹ್ನದ ಹೊತ್ತಿಗೆ ವಾರ್ಡಿಗೆ ತಂದು ಮಲಗಿಸಿದರು. ಮಾತಾಡಿಸಬಾರದು ಎಂದು ನರ್ಸು ಕಟ್ಟಪ್ಪಣೆ ಮಾಡಿದ್ದಳು. ವಾರಿಜ ಡೊಂಬಿವಲಿಯಿಂದ ಗಂಜಿ ಮಾಡಿಕೊಂಡು ಬರಲು ಹೋದಳು. ಮಂಚದ ಪಕ್ಕದಲ್ಲಿ ನಾನೊಬ್ಬನೇ. ಸುಮಾ ಎಚ್ಚರಾಗಿ ನನ್ನನ್ನು ನೋಡಿದಳು. ತುಟಿಯ ಅಂಚಿನಲ್ಲಿ ಸ್ವಲ್ಪ ರಕ್ತ ಒಣಗಿತ್ತು. ಹೇಗಿದೆ ಎಂಬ ಮಾತು ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂದೇ ಬಂತು. ಆಡಲಿಲ್ಲ. ಕೇಳದೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಆ ಮಧ್ಯಾಹ್ನ ತಿಳಿಯಿತು. ವಾಷರಿಲ್ಲ, ಮುಖಗಳಿಲ್ಲ, ಕೇಳುವ ಬಾಯಿಯೂ ಇಲ್ಲ. ಇಡೀ ಡೊಂಬಿವಲಿಯಲ್ಲಿ ಎಲ್ಲರಿಗಿಂತ ತಯಾರಾದ ಪರಿಣತ ಒಂದು ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದ.

ಸ್ವಲ್ಪ ಹೊತ್ತಿಗೆ ಅವಳು ನನ್ನ ಕೈಯನ್ನು ಎಳೆದುಕೊಂಡಳು. ಪ್ರೀತಿಯಿಂದ ಇರಬೇಕು ಎಂದುಕೊಂಡೆ. ಅವಳಿಗೆ ಉಗುಳು ನುಂಗಬೇಕಾಗಿತ್ತು. ಕಣ್ಣು ಮುಚ್ಚಿ, ನನ್ನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಉಗುರುಗಳನ್ನು ಚರ್ಮಕ್ಕೆ ಇಳಿಸಿದಳು. ಅಷ್ಟು ಸಣ್ಣ ಕೈಯಲ್ಲಿ ಅಷ್ಟು ಬಲ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ನುಂಗಿದ ಮೇಲೆ ಹಿಡಿತ ಸಡಿಲಾಯಿತು. ಕೈ ಹಿಂದಕ್ಕೆ ತೆಗೆದುಕೊಳ್ಳೋಣ ಎನ್ನುವಷ್ಟರಲ್ಲಿ ಮತ್ತೆ. ಹೀಗೆ ಸಂಜೆಯವರೆಗೆ, ಅವಳು ನುಂಗಿದಾಗಲೆಲ್ಲ ನನಗೆ ತಿಳಿಯುತ್ತಿತ್ತು. ಕೆಲವು ಸಲ ಸ್ವಲ್ಪ, ಕೆಲವು ಸಲ ಬಹಳ. ಯಾವುದು ಯಾವುದಕ್ಕಿಂತ ಹೆಚ್ಚು ಎಂದು ಲೆಕ್ಕವಿಡಬೇಕೆಂದು ಒಮ್ಮೆ ತೋರಿತು. ಅಷ್ಟರಲ್ಲಿ ಮತ್ತೊಂದು ಬಂದು ಹಿಂದಿನದನ್ನು ಅಳಿಸಿಹಾಕಿತು. ನಾನು ಕೈಯನ್ನು ಅಲ್ಲೇ ಬಿಟ್ಟುಕೊಂಡು ಕೂತೆ.

ಸಂಜೆ ಡಾಕ್ಟರು ರೌಂಡಿಗೆ ಬಂದರು. ಜ್ವರ ನೋಡಿದರು, ನಾಡಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೋವು ಹ್ಯಾಂಗದರೀ ಈಕಿಗೆ?" ಎಂದು ಕೇಳಿದರು. ಉಗುರಿನ ಗುರುತು ತುಂಬಿದ ಕೈಯನ್ನು ಮುಂದೆ ಮಾಡಿದೆ. ಅವರು ಟಾರ್ಚು ಹಾಕಿ, ಗಂಟಲನ್ನು ನೋಡುವ ಅದೇ ಶ್ರದ್ಧೆಯಿಂದ ನನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನರ್ಸನ್ನು ಕರೆದು ಸುಮಾಳ ನೋವಿನ ಔಷಧಿಯನ್ನು ಹೆಚ್ಚಿಸಿ ಬರೆಸಿದರು. ನನಗೆ ಮಾತ್ರ ಏನೂ ಬರೆದುಕೊಡಲಿಲ್ಲ.